ಟಿ.ಬಿ. ಅಲ್ಲದಿದ್ದರೆ ಮತ್ತೇನು? ಮೆಲಿಯೋಯ್ಡೋಸಿಸ್ ಪತ್ತೆ ನಡೆದುಬಂದ ದಾರಿ

ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಭತ್ತದ ಗದ್ದೆಯಲ್ಲಿ ದುಡಿಯುವ, ಶುಗರ್ ಇರುವ ನಡುವಯಸ್ಸಿನವರೊಬ್ಬರು ತಿಂಗಳಿಂದ ಜ್ವರ, ಕೆಮ್ಮು, ಮೈ ಇಳಿದಿದೆ ಎಂದು ಬಂದರೆ ವೈದ್ಯರು ಮೊದಲು ಬರೆಯುವುದು ಕಫ ಪರೀಕ್ಷೆ. ಬರೆಯಲೇಬೇಕು, ನಮ್ಮಲ್ಲಿ ಟಿ.ಬಿ. ಅಷ್ಟು ಸಾಮಾನ್ಯ. ಕಫದಲ್ಲಿ ಕ್ಷಯದ ರೋಗಾಣು ಸಿಗದೆ, ಎಕ್ಸ್‌ರೇಯಲ್ಲಿ ಮಾತ್ರ ಶ್ವಾಸಕೋಶದ ಮೇಲ್ಭಾಗದಲ್ಲಿ ಕುಳಿ ಕಂಡಾಗಲೂ ಟಿ.ಬಿ. ಮಾತ್ರೆಯೇ ಶುರುವಾಗುವುದುಂಟು. ಮೆಲಿಯೋಯ್ಡೋಸಿಸ್ ಎಂಬ ಕಾಯಿಲೆ ಇಷ್ಟು ಕಾಲ ಅಡಗಿ ಕುಳಿತದ್ದು ಈ ಸಂದಿನಲ್ಲೇ.

ಇದರ ರೋಗಾಣು ಬರ್ಖೋಲ್ಡೇರಿಯಾ ಸ್ಯೂಡೋಮಲೈ. ಒದ್ದೆ ಮಣ್ಣು, ನಿಂತ ನೀರು ಅದರ ನೆಲೆ. ಗಾಯದಿಂದಲೋ ಉಸಿರಿನಿಂದಲೋ ನೀರಿನಿಂದಲೋ ಮೈಯೊಳಗೆ ಸೇರುತ್ತದೆ. ಇದನ್ನು ಮೊದಲು ಗುರುತಿಸಿದ್ದು ಶವಾಗಾರದಲ್ಲಿ: 1911ರಲ್ಲಿ ರಂಗೂನಿನಲ್ಲಿ ಆಲ್ಫ್ರೆಡ್ ವಿಟ್ಮೋರ್ ಮತ್ತು ಸಿ.ಎಸ್. ಕೃಷ್ಣಸ್ವಾಮಿ. ಸತ್ತವರಲ್ಲಿ ಹೆಚ್ಚಿನವರು ಮಾರ್ಫಿನ್ ಚಟದವರು. ಮರುವರ್ಷ ವರದಿ ಅಚ್ಚಾಯಿತು. ಕಾಯಿಲೆಗೆ ವಿಟ್ಮೋರ್ ಹೆಸರು ಅಂಟಿಕೊಂಡಿತು, ಕೃಷ್ಣಸ್ವಾಮಿಯವರನ್ನು ನೆನೆದವರು ಕಡಿಮೆ.

ಮುಂದೆ ಮಲಯ, ವಿಯೆಟ್ನಾಂ ಯುದ್ಧದ ಸೈನಿಕರು, ಥಾಯ್ಲೆಂಡಿನ ರೈತರು, ಆಸ್ಟ್ರೇಲಿಯದ ಡಾರ್ವಿನ್ ಹೀಗೆ ಕಥೆ ಬೆಳೆಯಿತು. ಭಾರತದ ಸರದಿ ತಡವಾಗಿ ಬಂತು. 1991ರಲ್ಲಿ ಮುಂಬಯಿಯ ಒಂದು ಮಗುವಿನಲ್ಲಿ ಕಾಯಿಲೆ ಇದ್ದದ್ದು ವರದಿಯಾಯಿತು; ಬಳಿಕ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಹುಡುಕತೊಡಗಿತು. ಕರ್ನಾಟಕದಲ್ಲಿ ಈ ಕೆಲಸ ಕೈಗೆತ್ತಿಕೊಂಡದ್ದು ಮಣಿಪಾಲ. ಅಲ್ಲಿನ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಚಿರಂಜಯ್ ಮುಖೋಪಾಧ್ಯಾಯ, ಕವಿತಾ ಸರವು ಮೊದಲಾದವರು ಮಳೆಗಾಲದಲ್ಲಿ ಏರುವ, ಸಕ್ಕರೆ ಕಾಯಿಲೆಯವರನ್ನೇ ಹೆಚ್ಚಾಗಿ ಹಿಡಿಯುವ ಇದರ ಚಹರೆಯನ್ನು ದಾಖಲಿಸಿದರು. ಹುಡುಕಿದಲ್ಲೆಲ್ಲ ಸಿಕ್ಕ ಕಾಯಿಲೆಯನ್ನು ಅಪರೂಪದ್ದು ಎನ್ನುವುದೇ ನನಗೆ ಅನುಮಾನ. 2016ರ ಒಂದು ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 1,65,000 ಮಂದಿಗೆ ಇದು ತಗಲುತ್ತದೆ, 89,000 ಮಂದಿ ಸಾಯುತ್ತಾರೆ; ದಕ್ಷಿಣ ಏಷ್ಯಾದ ಪಾಲು ಶೇ. 44.

ಪತ್ತೆಗೆ ಇಂದಿಗೂ ಕಲ್ಚರೇ ಆಧಾರ. ರಕ್ತದಲ್ಲಾದರೆ ಮಾಮೂಲಿ ಪ್ಲೇಟಿನಲ್ಲೂ ಬೆಳೆಯುತ್ತದೆ. ಕಫದಲ್ಲಿ ತೊಡಕು: ಗಂಟಲಿನ ಬೇರೆ ಬ್ಯಾಕ್ಟೀರಿಯಾಗಳು ಇದನ್ನು ಮುಚ್ಚಿಹಾಕುತ್ತವೆ. 1979ರಲ್ಲಿ ಆಸ್ಟ್ರೇಲಿಯದ ಆಶ್‌ಡೌನ್ ಆ ಗದ್ದಲ ಅಡಗಿಸುವ ಅಗರ್ ತಯಾರಿಸಿದರು. ಅದರಲ್ಲಿ ಜೆಂಟಾಮೈಸಿನ್ ಬೆರೆತಿದೆ, ಕ್ರಿಸ್ಟಲ್ ವಯಲೆಟ್ ಬಣ್ಣವೂ ಇದೆ. ಮೊದಲ ದಿನ ಕಾಣುವುದು ಸಣ್ಣ ಚುಕ್ಕೆಗಳಷ್ಟೆ. ಮೂರು ನಾಲ್ಕು ದಿನ ಕಾದರೆ ಅವೇ ನೇರಳೆ ಬಣ್ಣಕ್ಕೆ ತಿರುಗಿ, ಒಣಗಿ, ಸುಕ್ಕುಗಟ್ಟುತ್ತವೆ. ಮಣ್ಣಿನ ವಾಸನೆ ಇರುತ್ತದಂತೆ. ಮೂಸಿ ನೋಡುವಂತಿಲ್ಲ, ಲ್ಯಾಬಿನವರಿಗೇ ತಗಲುವ ರೋಗಾಣು ಇದು. ಗ್ರಾಮ್ ಬಣ್ಣದಲ್ಲಿ ಎರಡು ತುದಿಗಳು ಮಾತ್ರ ಗಾಢವಾಗಿ, ನಡುವೆ ತಿಳಿಯಾಗಿ, ಪಿನ್ನಿನ ಹಾಗೆ ಕಾಣುತ್ತದೆ. ಆಮೇಲೆ ಮೂರು ಆಂಟಿಬಯೋಟಿಕ್ ಡಿಸ್ಕ್: ಸಾಮಾನ್ಯವಾಗಿ ಜೆಂಟಾಮೈಸಿನ್‌ಗೆ ಬಗ್ಗುವುದಿಲ್ಲ, ಕೊಲಿಸ್ಟಿನ್‌ಗೂ ಇಲ್ಲ, ಕೋ-ಅಮಾಕ್ಸಿಕ್ಲಾವ್‌ಗೆ ಬಗ್ಗುತ್ತದೆ. ಆಕ್ಸಿಡೇಸ್ ಪಾಸಿಟಿವ್ ಆಗಿಯೂ ಹೀಗಿದ್ದರೆ ಅನುಮಾನಕ್ಕೆ ಅಷ್ಟೇ ಸಾಕು.

ವಿಚಿತ್ರವೆಂದರೆ ಲಕ್ಷಗಟ್ಟಲೆ ಬೆಲೆಯ ಸ್ವಯಂಚಾಲಿತ ಯಂತ್ರಗಳೇ ಕೆಲವೊಮ್ಮೆ ಇದನ್ನು ಅದರ ದಾಯಾದಿ ಸೆಪೇಸಿಯಾ ಎಂದುಬಿಡುತ್ತವೆ. ಈಗ ಲ್ಯಾಟೆಕ್ಸ್ ಪರೀಕ್ಷೆ, ನಿಮಿಷಗಳಲ್ಲಿ ಗೆರೆ ಮೂಡಿಸುವ ಪಟ್ಟಿ, ಟಿಟಿಎಸ್1 ಜೀನ್ ಹುಡುಕುವ ಪಿಸಿಆರ್ ಬಂದಿವೆ. ರಕ್ತದ ಪಿಸಿಆರ್ ನೆಗೆಟಿವ್ ಎಂದಮಾತ್ರಕ್ಕೆ ಕಾಯಿಲೆ ಇಲ್ಲವೆಂದಲ್ಲ.

ಬಳ್ಳಾರಿ ಎಂದರೆ ಗಣಿ ಧೂಳು, ಬಿಸಿಲು. ಆದರೆ 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯ ನೀರು ಕಾಲುವೆಗೆ ಹರಿದ ಮೇಲೆ ಸಿರುಗುಪ್ಪ, ಕುರುಗೋಡು ಕಡೆಯ ನೆಲದ ಸ್ವರೂಪವೇ ಬೇರೆ. ಕರಾವಳಿಯ ವೈದ್ಯರ ಹಾಗೆ ಮಳೆಗಾಲದಲ್ಲಷ್ಟೇ ಎಚ್ಚರವಾಗಿದ್ದರೆ ಸಾಲದು ಎನ್ನಬಹುದಾದ ಊರುಗಳಿವು: ಇಲ್ಲಿ ಮಣ್ಣು ಕೆಸರಾಗುವುದು ಕಾಲುವೆಗೆ ನೀರು ಬಿಟ್ಟಾಗ, ನಾಟಿಯ ದಿನಗಳಲ್ಲಿ. ಜ್ವರದವರನ್ನು ಕೇಳಬೇಕಾದದ್ದು ಅದನ್ನೇ.

ಕೇಳದಿದ್ದರೆ ಆಗುವ ನಷ್ಟ ದೊಡ್ಡದು. ಟಿ.ಬಿ. ಮಾತ್ರೆಗೆ ಇದು ವಾಸಿಯಾಗದು. ಸೆಫ್ಟಾಜಿಡೀಮ್ ಅಥವಾ ಮೆರೋಪೆನೆಮ್ ಇಂಜೆಕ್ಷನ್ ಸುಮಾರು ಎರಡು ವಾರವೋ ಇನ್ನೂ ಹೆಚ್ಚೋ, ಆಮೇಲೆ ಮೂರು ತಿಂಗಳಾದರೂ ಕೋ-ಟ್ರೈಮಾಕ್ಸಜೋಲ್ ಬೇಕು. ಬೇಗ ಗುರುತಿಸಿ ಐಸಿಯು ಆರೈಕೆ ಕೊಡುವ ಡಾರ್ವಿನ್‌ನಲ್ಲಿ ಸಾವು ಶೇ. 10ಕ್ಕಿಂತ ಕೆಳಗಿಳಿದಿದೆ. ತಾಲ್ಲೂಕು ಆಸ್ಪತ್ರೆಯಿಂದ ಬಳ್ಳಾರಿಗೆ, ಜನ ಇಂದಿಗೂ ವಿಮ್ಸ್ ಎಂದೇ ಕರೆಯುವ ವೈದ್ಯಕೀಯ ಕಾಲೇಜಿಗೆ, ಹೋಗುವ ಚೀಟಿಯಲ್ಲಿ ‘ಶುಗರ್ ಇದೆ, ಗದ್ದೆ ಕೆಲಸ, ಟಿ.ಬಿ. ನೆಗೆಟಿವ್’ ಎಂದು ಬರೆದಿದ್ದರೆ ಲ್ಯಾಬಿನವರು ಎರಡನೇ ದಿನ ಪ್ಲೇಟು ಎಸೆಯುವುದಿಲ್ಲ.