ಹಳೆಯ ಕಾರಿನ ಬ್ರೇಕು ಹೇಳುವ ಚರಿತ್ರೆ



ಮೋಟಾರು ಕಾರಿನ ಚರಿತ್ರೆ ಎಂದೊಡನೆ ನಮ್ಮ ಗಮನ ಎಂಜಿನ್ನಿನ ಕಡೆಗೆ ಹೋಗುತ್ತದೆ. ಎಷ್ಟು ಅಶ್ವಶಕ್ತಿ, ಎಷ್ಟು ವೇಗ ಎಂದು ಕೇಳುತ್ತೇವೆ. ಓಡುವ ಬಂಡಿಯನ್ನು ನಿಲ್ಲಿಸುವುದು ಹೇಗೆ, ಹಳ್ಳದಿಣ್ಣೆಯ ರಸ್ತೆಯಲ್ಲಿ ಅದರ ಗಾಲಿ ನೆಲ ಬಿಡದಂತೆ ನೋಡಿಕೊಳ್ಳುವುದು ಹೇಗೆ ಎಂದು ಕೇಳುವವರು ಕಡಿಮೆ. ಆದರೆ ಮನೆಯಂಗಳದಲ್ಲಿ ಹಳೆಯ ಅಂಬಾಸಿಡರ್ ಕಾರಿನ ಗಾಲಿಯೊಂದನ್ನು ಕಳಚಿ ನೋಡಿದರೆ ಅಲ್ಲಿ ನೂರು ವರ್ಷಗಳಿಗೂ ಹೆಚ್ಚಿನ ಚರಿತ್ರೆ ಬಿಡಿಬಿಡಿಯಾಗಿ ಕಾಣುತ್ತದೆ. ಅಲ್ಲಿನ ಒಂದೊಂದು ಭಾಗವೂ ಹಿಂದೆ ಯಾರಿಗೋ ಎದುರಾದ ಒಂದು ತೊಂದರೆಗೆ ದೊರೆತ ಉತ್ತರ. ಆ ತೊಂದರೆ ಯಾವುದೆಂದು ತಿಳಿಯದೆ ಭಾಗವನ್ನು ಬದಲಾಯಿಸಲು ಹೊರಟರೆ ಅಪಾಯ ತಪ್ಪಿದ್ದಲ್ಲ.

ಮೊದಲ ತೊಂದರೆ ಸವೆತ. 1888ರ ಆಗಸ್ಟ್ ತಿಂಗಳಿನಲ್ಲಿ ಬರ್ಥಾ ಬೆಂಜ್ ಎಂಬ ಮಹಿಳೆ ಪತಿ ಕಾರ್ಲ್ ಬೆಂಜ್ ತಯಾರಿಸಿದ ಮೋಟಾರು ಬಂಡಿಯಲ್ಲಿ ತಮ್ಮಿಬ್ಬರು ಗಂಡುಮಕ್ಕಳೊಡನೆ ಜರ್ಮನಿಯ ಮ್ಯಾನ್‌ಹೈಮ್ ನಗರದಿಂದ ಫೋರ್ಟ್ಸ್‌ಹೈಮ್‌ಗೆ ಹೊರಟರು. ದೂರ ಸುಮಾರು 100 ಕಿಲೋಮೀಟರು. ಇಳಿಜಾರುಗಳಲ್ಲಿ ಮರದ ಬ್ರೇಕು ತುಂಡುಗಳು ಸವೆದುಹೋದವು. ದಾರಿಯ ಹಳ್ಳಿಯೊಂದರಲ್ಲಿ ಪಾದರಕ್ಷೆ ಮಾಡುವವನನ್ನು ಹಿಡಿದು ಅವುಗಳಿಗೆ ಚರ್ಮ ಹೊಡೆಸಿಕೊಂಡು ಅವರು ಮುಂದೆ ಸಾಗಿದರೆಂಬುದು ಪ್ರಸಿದ್ಧವಾದ ಸಂಗತಿ. ಬಳಸಿದಂತೆಲ್ಲ ಬ್ರೇಕು ಸವೆಯಲೇಬೇಕು. ಸವೆಯುವ ಪದರವನ್ನು ಬೇರೆಯಾಗಿಟ್ಟು ಕಾಲಕಾಲಕ್ಕೆ ಬದಲಾಯಿಸಬೇಕು. ನಾವಿಂದು ಬ್ರೇಕ್ ಲೈನಿಂಗ್ ಎಂದು ಕರೆಯುವುದು ಇದೇ ತತ್ವವನ್ನು.

ಎರಡನೆಯ ತೊಂದರೆ ವೇಗ. ನಿಮ್ಮ ಭೌತಶಾಸ್ತ್ರದ ಪುಸ್ತಕವನ್ನು ನೆನಪಿಸಿಕೊಳ್ಳಿ. ವೇಗ ಇಮ್ಮಡಿಯಾದರೆ ಚಲನಶಕ್ತಿ ನಾಲ್ಮಡಿಯಾಗುತ್ತದೆ. ಗಂಟೆಗೆ 30 ಕಿಲೋಮೀಟರು ವೇಗದ ಕಾರನ್ನು ನಿಲ್ಲಿಸುವುದಕ್ಕಿಂತ 60 ಕಿಲೋಮೀಟರು ವೇಗದ ಕಾರನ್ನು ನಿಲ್ಲಿಸುವಾಗ ಬ್ರೇಕು ನಾಲ್ಕರಷ್ಟು ಶಕ್ತಿಯನ್ನು ಶಾಖವಾಗಿ ಬದಲಾಯಿಸಬೇಕು. ಗಾಲಿಯ ಹೊರಮೈಗೆ ಒತ್ತುವ ಮರದ ತುಂಡಿಗೆ ಇದು ಸಾಧ್ಯವಿರಲಿಲ್ಲ. 1902ರಲ್ಲಿ ಫ್ರಾನ್ಸಿನ ಲೂಯಿ ರೆನೊ ಡ್ರಮ್ ಬ್ರೇಕನ್ನು ರೂಪಿಸಿದರು. ಗಾಲಿಯೊಂದಿಗೆ ತಿರುಗುವ ಲೋಹದ ಡೋಲು, ಅದರೊಳಗೆ ಅಗಲಿ ಒತ್ತಿಕೊಳ್ಳುವ ಎರಡು ಬಾಗಿದ ಶೂಗಳು. ಅದೇ ವರ್ಷ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟು ಪಡೆದರು. ಆದರೆ ಡಿಸ್ಕ್ ತನ್ನ ಸರದಿಗಾಗಿ ಅರ್ಧ ಶತಮಾನ ಕಾಯಬೇಕಾಯಿತು. 1953ರ ಲ ಮಾನ್ಸ್ ಪಂದ್ಯದಲ್ಲಿ ಡಿಸ್ಕ್ ಬ್ರೇಕಿನ ಜಾಗ್ವಾರ್ ಕಾರು ಗೆದ್ದ ಮೇಲೆಯೇ ಅದರ ಮಹತ್ವ ಲೋಕಕ್ಕೆ ಮನವರಿಕೆಯಾದದ್ದು.

ಮೂರನೆಯ ತೊಂದರೆ ಸಮತೋಲ. ಕಾಲಿನ ಒತ್ತನ್ನು ಸರಳು ಮತ್ತು ತಂತಿಗಳ ಮೂಲಕ ನಾಲ್ಕು ಗಾಲಿಗಳಿಗೂ ಸಮನಾಗಿ ಮುಟ್ಟಿಸುವುದು ಕಷ್ಟ. ಒಂದು ಗಾಲಿ ಬೇಗ ಹಿಡಿದರೆ ಕಾರು ಆ ಕಡೆಗೆ ಎಳೆಯುತ್ತದೆ. ಇದಕ್ಕೆ ಉತ್ತರ 17ನೆಯ ಶತಮಾನದ ಫ್ರೆಂಚ್ ವಿಜ್ಞಾನಿ ಪ್ಯಾಸ್ಕಲ್‌ನ ನಿಯಮದಲ್ಲಿತ್ತು. ಮುಚ್ಚಿದ ಪಾತ್ರೆಯಲ್ಲಿನ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ. ಅಮೆರಿಕದ ಮಾಲ್ಕಮ್ ಲಾಕ್‌ಹೀಡ್ ಈ ನಿಯಮವನ್ನು ಬ್ರೇಕಿಗೆ ಅಳವಡಿಸಿದರು. 1921ರ ಡ್ಯೂಸೆನ್‌ಬರ್ಗ್ ಕಾರು ನಾಲ್ಕು ಗಾಲಿಗಳಿಗೂ ಹೈಡ್ರಾಲಿಕ್ ಬ್ರೇಕು ಹೊತ್ತು ಮಾರುಕಟ್ಟೆಗೆ ಬಂದಿತು.

ನಾಲ್ಕನೆಯದು ಕುಲುಕಾಟ. ಗಾಲಿ ನೆಲಕ್ಕೆ ಅಂಟಿಕೊಂಡಿರದಿದ್ದರೆ ಎಂಥ ಬ್ರೇಕಿದ್ದರೂ ವ್ಯರ್ಥ. ಕುದುರೆ ಸಾರೋಟಿನ ಕಾಲದಲ್ಲೇ, 1804ರಲ್ಲಿ, ಲಂಡನ್ನಿನ ಒಬಾಡಯ ಎಲಿಯಟ್ ಉಕ್ಕಿನ ಪಟ್ಟಿಗಳ ಸ್ಪ್ರಿಂಗಿಗೆ ಪೇಟೆಂಟು ಪಡೆದಿದ್ದರು. ಆದರೆ ಸ್ಪ್ರಿಂಗು ಪೆಟ್ಟನ್ನು ನುಂಗಿದರೂ ಮರುಕ್ಷಣ ಪುಟಿಯುತ್ತದೆ. ಆ ಪುಟಿತವನ್ನು ಅಡಗಿಸಲು 20ನೆಯ ಶತಮಾನದ ಆರಂಭದಲ್ಲಿ ಷಾಕ್ ಅಬ್ಸಾರ್ಬರ್ ಬಂದಿತು.

ಈ ಉತ್ತರಗಳೆಲ್ಲ ನಮ್ಮ ದೇಶಕ್ಕೆ ಬಂದದ್ದು ಹೇಗೆ? ಭಾರತದಲ್ಲಿ ಮೋಟಾರು ಕಾರ್ಖಾನೆ ಆಗಬೇಕೆಂದು ನಮ್ಮವರೇ ಆದ ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಯೋಜನೆ ತಯಾರಿಸಿ ಬಹಳ ಶ್ರಮಿಸಿದ್ದರು. 1942ರಲ್ಲಿ ಹಿಂದೂಸ್ತಾನ್ ಮೋಟಾರ್ಸ್, 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪನೆಯಾದವು. ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್ ಮಾದರಿಯಿಂದ ಬಂದ ಅಂಬಾಸಿಡರ್ 1950ರ ದಶಕದ ಕೊನೆಯಿಂದ 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ತಯಾರಾಯಿತು. ಮುಂದೆ ಟಾರ್ಷನ್ ಬಾರ್ ಎಂಬ, ತಿರುಚಿಕೊಂಡು ಭಾರ ಹೊರುವ ಉಕ್ಕಿನ ಸರಳು. ಹಿಂದೆ ಪಟ್ಟಿ ಸ್ಪ್ರಿಂಗು. ಬಹುಕಾಲ ನಾಲ್ಕು ಗಾಲಿಗಳಿಗೂ ಡ್ರಮ್ ಬ್ರೇಕು. ಲೈಸೆನ್ಸು ಪದ್ಧತಿಯಿಂದಾಗಿ ದಶಕಗಳ ಕಾಲ ಹೊಸ ಮಾದರಿಗಳು ಬರಲಿಲ್ಲ. ಗ್ರಾಹಕನಿಗೆ ಇದು ನಷ್ಟವೇ ಸರಿ. ಆದರೆ ಇದರಿಂದಲೇ ಬಿಡಿಭಾಗಗಳು ಊರೂರಿನಲ್ಲೂ ಸಿಗುವಂತಾದವು. ಸ್ಪ್ಯಾನರು ಹಿಡಿಯಬಲ್ಲ ಮಾಲೀಕ ತನ್ನ ಕಾರನ್ನು ತಾನೇ ರಿಪೇರಿ ಮಾಡಿಕೊಳ್ಳುವ ರೂಢಿ ಬೆಳೆಯಿತು.

ಈಗ ಆ ಕೆಲಸಕ್ಕೇ ಬರೋಣ. ನಿಮ್ಮ ಮನೆಯಲ್ಲಿ ಹಳೆಯ ಕಾರಿದ್ದು, ಬಲ್ಲವರೊಬ್ಬರು ಬ್ರೇಕ್ ಶೂ ಬದಲಾಯಿಸುತ್ತಿದ್ದರೆ ಹತ್ತಿರ ನಿಂತು ಗಮನಿಸಿ. ಅವರ ಪ್ರತಿಯೊಂದು ಎಚ್ಚರಿಕೆಯ ಹಿಂದೆಯೂ ಮೇಲೆ ಹೇಳಿದ ಚರಿತ್ರೆ ಇದೆ. ನೆಲ ಸಮತಟ್ಟಾಗಿರಬೇಕು, ಗಾಲಿಗಳಿಗೆ ಅಡ್ಡಗಲ್ಲು ಇಟ್ಟಿರಬೇಕು. ಜಾಕು ಎತ್ತುವುದಕ್ಕೆ ಮಾತ್ರ. ಎತ್ತಿದ ಕಾರು ಗಟ್ಟಿ ಸ್ಟ್ಯಾಂಡಿನ ಮೇಲೆ ಕೂರಬೇಕು. ಬರಿಯ ಜಾಕನ್ನು ನಂಬಿ ಕಾರಿನ ಕೆಳಗೆ ತೂರುವುದು ಪ್ರಾಣಾಪಾಯ. ಒಂದು ಬದಿಯ ಡ್ರಮ್ಮನ್ನು ಮಾತ್ರ ಮೊದಲು ಬಿಚ್ಚಿದರೆ, ಸ್ಪ್ರಿಂಗುಗಳ ಜೋಡಣೆ ಮರೆತಾಗ ಇನ್ನೊಂದು ಬದಿ ಮಾದರಿಯಾಗಿರುತ್ತದೆ. ಆದರೆ ಹೊಸ ಶೂಗಳನ್ನು ಒಂದೇ ಅಚ್ಚಿನ ಎರಡೂ ಗಾಲಿಗಳಿಗೆ ಹಾಕಬೇಕು. ಇಲ್ಲವಾದರೆ ಹಳೆಯ ಸಮತೋಲದ ತೊಂದರೆ ಮರಳಿ ಬರುತ್ತದೆ.

ಡ್ರಮ್ಮಿನೊಳಗಿನ ಧೂಳನ್ನು ಊದಬಾರದು. ಶಾಖ ತಡೆಯುವ ಗುಣಕ್ಕಾಗಿ ಲೈನಿಂಗುಗಳಲ್ಲಿ ಬಹುಕಾಲ ಆಸ್‌ಬೆಸ್ಟಾಸ್ ನಾರು ಬಳಸುತ್ತಿದ್ದರು. ಅದರ ಸೂಕ್ಷ್ಮ ಧೂಳು ಶ್ವಾಸಕೋಶದ ರೋಗಗಳನ್ನೂ ಕ್ಯಾನ್ಸರನ್ನೂ ತರುತ್ತದೆಂದು ಅನಂತರ ಸಿದ್ಧವಾಯಿತು. ಬ್ರಿಟನ್ 1999ರಲ್ಲಿ ಅದರ ಬಳಕೆಯನ್ನೇ ನಿಷೇಧಿಸಿತು. ಧೂಳನ್ನು ಒದ್ದೆಮಾಡಿ ಒರೆಸಿ, ಬಟ್ಟೆಯನ್ನು ಚೀಲದಲ್ಲಿ ಕಟ್ಟಿಡಬೇಕು. ಅಂಗಳದಲ್ಲಿ ಚಿಕ್ಕ ಮಕ್ಕಳಿದ್ದರಂತೂ ಇದನ್ನು ಮರೆಯುವಂತಿಲ್ಲ.

ದ್ರವದ ಕೊಳವೆ ಬಿಚ್ಚಿದ್ದರೆ ಒಳಗೆ ಸೇರಿದ ಗಾಳಿಯನ್ನು ಹೊರಹಾಕಲೇಬೇಕು. ದ್ರವ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಗಾಳಿ ಸೇರಿದ ಬ್ರೇಕು ಪೆಡಲು ಸ್ಪಂಜಿನಂತೆ ಒಳಗಿಳಿಯುತ್ತದೆ; ಕಾರು ನಿಲ್ಲುವುದಿಲ್ಲ. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ತೆರೆದಿಟ್ಟ ಡಬ್ಬಿಯದನ್ನು ಬಳಸಬಾರದು. ಇನ್ನೊಂದು ಮಾತು: ಹಳೆಯ ಕಾರುಗಳಲ್ಲಿ ನಾಲ್ಕು ಗಾಲಿಗಳಿಗೂ ಸಾಮಾನ್ಯವಾಗಿ ಒಂದೇ ದ್ರವಮಾರ್ಗ. ಎಲ್ಲಿಯಾದರೂ ಒಂದು ಕಡೆ ಸೋರಿದರೆ ಕಾಲಿನ ಬ್ರೇಕು ಪೂರ್ತಿ ಹೋಗುತ್ತದೆ. ಆದ್ದರಿಂದಲೇ ಮುಂದಿನ ಕಾರುಗಳಲ್ಲಿ ಎರಡು ಪ್ರತ್ಯೇಕ ಮಾರ್ಗಗಳನ್ನು ಇಟ್ಟರು. ಅದಿಲ್ಲದ ಕಾರಿನಲ್ಲಿ ಕೈಬ್ರೇಕು ಸದಾ ಸುಸ್ಥಿತಿಯಲ್ಲಿರಬೇಕು.

ಸಸ್ಪೆನ್ಷನ್ ವಿಷಯದಲ್ಲಿ ಗೆರೆಯೊಂದನ್ನು ಎಳೆದುಕೊಳ್ಳುವುದು ಒಳ್ಳೆಯದು. ಸವೆದ ರಬ್ಬರ್ ಬುಷ್ಷು, ಸೋರುವ ಷಾಕ್ ಅಬ್ಸಾರ್ಬರು ಇವನ್ನು ಅನುಭವಿಗಳು ಮನೆಯಲ್ಲೇ ಬದಲಾಯಿಸಬಲ್ಲರು. ಆದರೆ ಭಾರ ಹೊತ್ತ ಸ್ಪ್ರಿಂಗು ಅಥವಾ ಟಾರ್ಷನ್ ಬಾರ್ ಎಳೆದು ಹಿಡಿದ ಬಿಲ್ಲಿನಂತೆ. ಕಣ್ಣಿಗೆ ನಿಶ್ಚಲವಾಗಿ ಕಂಡರೂ ಅದರೊಳಗೆ ಶಕ್ತಿ ಅಡಗಿರುತ್ತದೆ. ತಕ್ಕ ಸಲಕರಣೆಯಿಲ್ಲದೆ ಅದನ್ನು ಬಿಚ್ಚುವುದು ಮನೆಯ ಕೆಲಸವಲ್ಲ.

ಕೆಲಸ ಮುಗಿದ ಮೇಲೆ ತಿಳಿದ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿ, ಖಾಲಿ ಜಾಗದಲ್ಲಿ ನಿಧಾನವಾಗಿ ಓಡಿಸಿ ಪರೀಕ್ಷಿಸಬೇಕು. ರಸ್ತೆಯಲ್ಲಿ ನಮ್ಮ ಬ್ರೇಕನ್ನು ನಂಬಿ ನಡೆಯುವವರು ಕಾರಿನ ಹೊರಗೇ ಹೆಚ್ಚು. ಮನೆಯಲ್ಲಿ ಕಾರಿಲ್ಲದವರು ನಿರಾಶರಾಗಬೇಕಿಲ್ಲ. ನಿಮ್ಮ ಸೈಕಲ್ಲಿನ ಬ್ರೇಕು ರಬ್ಬರುಗಳನ್ನು ಇವತ್ತೇ ನೋಡಿ; ಎರಡೂ ಸಮನಾಗಿ ಸವೆದಿವೆಯೇ, ರಿಮ್ಮಿಗೆ ಒಟ್ಟಿಗೇ ತಾಗುತ್ತವೆಯೇ ಎಂದು ಪರೀಕ್ಷಿಸಿ. ಬರ್ಥಾ ಬೆಂಜ್ ದಾರಿಯಲ್ಲಿ ಕಲಿತ ಪಾಠ ಅಲ್ಲಿಯೂ ಇದೆ.