ಅಳವಡಿಕೆಯೂ ಅಳತೆಯ ಭಾಗ: ಪಲ್ಸಾರ್ ಶೋಧದಲ್ಲಿ ಪ್ರೆಸ್ಟೊ ತಂತ್ರಾಂಶ

ರೇಡಿಯೊ ಖಗೋಳದ ಪ್ರಬಂಧಗಳಲ್ಲಿ ದೂರದರ್ಶಕದ ವಿವರ ಪುಟಗಟ್ಟಲೆ ಇರುತ್ತದೆ. ತಂತ್ರಾಂಶಕ್ಕೆ ಸಿಗುವುದು ಹೆಚ್ಚೆಂದರೆ ಒಂದೆರಡು ಸಾಲು. ಈ ರೂಢಿ ಬದಲಾಗಬೇಕು. ತಂತ್ರಾಂಶವನ್ನು ಕಂಪ್ಯೂಟರಿಗೆ ಹೇಗೆ ಅಳವಡಿಸಲಾಯಿತು ಎಂಬುದೂ ಅಳತೆಯ ಭಾಗವೇ. ಇದಕ್ಕೆ ನಿದರ್ಶನವಾಗಿ, ಸ್ಕಾಟ್ ರ್‍ಯಾನ್ಸಮ್ ಬರೆದ, ಜಿಪಿಎಲ್ ಪರವಾನಗಿಯಡಿ ಎಲ್ಲರಿಗೂ ತೆರೆದಿರುವ ಪ್ರೆಸ್ಟೊ ತಂತ್ರಾಂಶವನ್ನು ಇಲ್ಲಿ ಪರಿಶೀಲಿಸಿದ್ದೇನೆ.

ಪುಣೆ ಜಿಲ್ಲೆಯ ಖೋಡದ್‌ನಲ್ಲಿರುವ ಜಿಎಂಆರ್‌ಟಿ ರೇಡಿಯೊ ದೂರದರ್ಶಕದ 45 ಮೀಟರ್ ವ್ಯಾಸದ ಮೂವತ್ತು ಡಿಶ್‌ಗಳು ವೇಲಾ ಪಲ್ಸಾರಿನತ್ತ ಮುಖಮಾಡಿವೆ ಎಂದುಕೊಳ್ಳೋಣ. ಈ ಪಲ್ಸಾರ್ 89 ಮಿಲಿಸೆಕೆಂಡಿಗೊಮ್ಮೆ ಸುತ್ತುತ್ತದೆ. ಅದರ ಡಿಸ್ಪರ್ಷನ್ ಪ್ರಮಾಣ, ಅಂದರೆ ಡಿಎಂ, ಸುಮಾರು 68. ಪಲ್ಸಾರಿಗೂ ನಮಗೂ ನಡುವಿನ ಎಲೆಕ್ಟ್ರಾನ್‌ಗಳು ಕಡಿಮೆ ಕಂಪನಾಂಕದ ಅಲೆಗಳನ್ನು ಹೆಚ್ಚು ನಿಧಾನಗೊಳಿಸುವುದರಿಂದ, 500 ಮೆಗಾಹರ್ಟ್ಸ್‌ನಲ್ಲಿ ಬಂದ ಮಿಡಿತ 300 ಮೆಗಾಹರ್ಟ್ಸ್‌ನಲ್ಲಿ ಕಾಣಿಸಿಕೊಳ್ಳುವುದು ಸುಮಾರು ಎರಡು ಸೆಕೆಂಡು ತಡವಾಗಿ. ಅಷ್ಟರಲ್ಲಿ ಪಲ್ಸಾರ್ ಇಪ್ಪತ್ತೆರಡು ಸುತ್ತು ಮುಗಿಸಿರುತ್ತದೆ. ಪಲ್ಸಾರ್ ವೀಕ್ಷಣೆ ನಡೆದಿರುವ ನಮ್ಮ ಗೌರಿಬಿದನೂರಿನ ರೇಡಿಯೊ ದೂರದರ್ಶಕದ 34.5 ಮೆಗಾಹರ್ಟ್ಸ್‌ನಲ್ಲಾದರೆ ಇದೇ ಡಿಎಂಗೆ, ಕೇವಲ ಒಂದು ಮೆಗಾಹರ್ಟ್ಸ್ ಅಗಲದೊಳಗೇ, ಹದಿಮೂರು ಸೆಕೆಂಡಿಗೂ ಮಿಕ್ಕಿದ ವಿಳಂಬ. ಈ ವಿಳಂಬವನ್ನು ಪ್ರತಿ ಚಾನೆಲ್‌ನಲ್ಲೂ ಸರಿಪಡಿಸಿದ ಮೇಲೆಯೇ ಮಿಡಿತ ಕಣ್ಣಿಗೆ ಬೀಳುತ್ತದೆ. ಹೊಸ ಪಲ್ಸಾರಿನ ಹುಡುಕಾಟದಲ್ಲಂತೂ ಡಿಎಂ ಗೊತ್ತೇ ಇರುವುದಿಲ್ಲ. ಆದ್ದರಿಂದ ಪ್ರೆಸ್ಟೊದ ಪ್ರೆಪ್‌ಸಬ್‌ಬ್ಯಾಂಡ್ ಆದೇಶ ಸಾಲುಸಾಲು ಡಿಎಂಗಳಿಗೆ ಬೇರೆ ಬೇರೆ ಕಾಲಶ್ರೇಣಿ ತಯಾರಿಸುತ್ತದೆ.

ಪ್ರೆಸ್ಟೊ ಒಂಟಿಯಾಗಿ ನಿಲ್ಲುವ ತಂತ್ರಾಂಶವಲ್ಲ. ಫೂರಿಯೇ ರೂಪಾಂತರಕ್ಕೆ ಎಫ್‌ಎಫ್‌ಟಿಡಬ್ಲ್ಯು ಬೇಕು, ಅದೂ ಸಿಂಗಲ್ ಪ್ರಿಸಿಷನ್‌ನಲ್ಲಿ ಕಂಪೈಲ್ ಆದದ್ದು. ಡಬಲ್ ಪ್ರಿಸಿಷನ್ ಲೈಬ್ರರಿ ಮಾತ್ರ ಇದ್ದರೆ ಕೆಲಸ ಲಿಂಕಿಂಗ್ ಹಂತದಲ್ಲೇ ನಿಲ್ಲುತ್ತದೆ. ನಕ್ಷೆಗಳಿಗೆ ಬೇಕಾದ ಪಿಜಿಪ್ಲಾಟ್ ವಾಣಿಜ್ಯ ಬಳಕೆಗೆ ನಿರ್ಬಂಧವಿರುವ ಹಳೆಯ ಲೈಬ್ರರಿ. ಹೀಗೆ ಮುಕ್ತ ತಂತ್ರಾಂಶದ ತಳದಲ್ಲೇ ಪೂರ್ತಿ ಮುಕ್ತವಲ್ಲದ ಒಂದು ತುಂಡು ಕೂತಿದೆ.

ಈ ಲೈಬ್ರರಿಗಳ ಅಳವಡಿಕೆ ತಪ್ಪಿದರೆ ತಪ್ಪೆಂದು ತಾನೇ ಹೇಳುತ್ತದೆ. ಹೆಚ್ಚು ಎಚ್ಚರ ಬೇಕಾದದ್ದು ಟೆಂಪೊ ಎಂಬ ಸಹ ತಂತ್ರಾಂಶದ ವಿಷಯದಲ್ಲಿ. ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುವುದರಿಂದ ಪಲ್ಸಾರಿನ ಅವಧಿ ಹತ್ತು ಸಾವಿರದಲ್ಲಿ ಒಂದು ಪಾಲಿನವರೆಗೂ ಹಿಗ್ಗಿ ಕುಗ್ಗಿದಂತೆ ಕಾಣುತ್ತದೆ. ಟೆಂಪೊ ನೆರವಿನಿಂದ ಪ್ರೆಸ್ಟೊ ಕಾಲವನ್ನು ಸೌರಮಂಡಲದ ದ್ರವ್ಯಕೇಂದ್ರಕ್ಕೆ ಹೊಂದಿಸುತ್ತದೆ. ಅದಕ್ಕೆ ವೀಕ್ಷಣಾಲಯದ ನಿರ್ದೇಶಾಂಕಗಳು ಬೇಕು. ಅವು ಇರುವುದು ಆಬ್‌ಸಿಸ್ ಎಂಬ ಸಣ್ಣ ಪಠ್ಯ ಕಡತದಲ್ಲಿ. ಅಲ್ಲಿ ಒಂದು ಅಂಕಿ ತಪ್ಪಿದ್ದರೂ ಪ್ರೋಗ್ರಾಂ ತಕರಾರಿಲ್ಲದೆ ಓಡಬಹುದು, ಫಲಿತಾಂಶವನ್ನೂ ಕೊಡಬಹುದು. ಕಡತ ತೆರೆದಿರುವುದರಿಂದಲೇ ಇನ್ನೊಬ್ಬರು ಅದನ್ನು ಓದಿ ತಪ್ಪು ಹಿಡಿಯಬಲ್ಲರು. ಮುಕ್ತ ತಂತ್ರಾಂಶದ ಪರವಾಗಿ ನನಗೆ ಎಲ್ಲಕ್ಕಿಂತ ಗಟ್ಟಿಯಾಗಿ ಕಾಣುವ ಕಾರಣ ಇದು. ಹಣದ ಉಳಿತಾಯ ನಂತರದ ಮಾತು.

ದ್ರವ್ಯಕೇಂದ್ರಕ್ಕೆ ಹೊಂದಿಸುವ ಈ ತಿದ್ದುಪಡಿ ಗದ್ದಲ ನಿವಾರಣೆಗೂ ತಾಗುತ್ತದೆ. ನಮ್ಮ ವಿದ್ಯುತ್ ಜಾಲದ 50 ಹರ್ಟ್ಸ್ ಮತ್ತು ಅದರ ಗುಣಕಗಳು ದತ್ತಾಂಶದಲ್ಲಿ 20 ಮಿಲಿಸೆಕೆಂಡಿನ ಸುಳ್ಳು ಪಲ್ಸಾರಿನಂತೆ ತಲೆಯೆತ್ತುತ್ತವೆ. 60 ಹರ್ಟ್ಸ್ ವಿದ್ಯುತ್ತಿನ ಅಮೆರಿಕದಲ್ಲಿ ತಯಾರಾದ ಗದ್ದಲಪಟ್ಟಿ, ಅಂದರೆ ಅಳಿಸಬೇಕಾದ ಕಂಪನಾಂಕಗಳ ಪಟ್ಟಿ, ಖೋಡದ್‌ಗೆ ಒಗ್ಗದು. ಜಾಲದ ಕಂಪನಾಂಕ ಚೂರುಪಾರು ಅಲುಗಾಡುವುದರಿಂದ ಪಟ್ಟಿಯಲ್ಲಿ ಪ್ರತಿಯೊಂದಕ್ಕೂ ಅಗಲವನ್ನೂ ಕೊಡಬೇಕು. ಜೊತೆಗೆ, ದ್ರವ್ಯಕೇಂದ್ರಕ್ಕೆ ಹೊಂದಿಸಿದ ದತ್ತಾಂಶದಲ್ಲಿ ಭೂಮಿಯ ಈ ಗದ್ದಲ ಸರಿಯಾಗಿ 50ರಲ್ಲಿ ಇರುವುದಿಲ್ಲ. ಪಲ್ಸಾರಿನ ದಿಕ್ಕಿನಲ್ಲಿ ಭೂಮಿಯ ವೇಗ ಎಷ್ಟಿದೆಯೋ ಅಷ್ಟು ಸರಿದಿರುತ್ತದೆ. ಅದಕ್ಕೆಂದೇ ಪ್ರೆಸ್ಟೊದ ಜ್ಯಾಪ್‌ಬರ್ಡ್ಸ್ ಆದೇಶಕ್ಕೆ ಆ ವೇಗವನ್ನೂ ಉಣಿಸಬೇಕಾಗುತ್ತದೆ. ಯಾವ ಕಂಪನಾಂಕವನ್ನು ಎಷ್ಟು ಅಗಲಕ್ಕೆ ಅಳಿಸಲಾಯಿತೋ ಆ ಜಾಗದಲ್ಲಿ ನಿಜವಾದ ಪಲ್ಸಾರ್ ಇದ್ದರೂ ಸಿಕ್ಕುವುದಿಲ್ಲ. ಆದ್ದರಿಂದ ಪ್ರಬಂಧದೊಂದಿಗೆ ತಂತ್ರಾಂಶದ ಆವೃತ್ತಿ, ಆಬ್‌ಸಿಸ್ ಕಡತ ಮತ್ತು ಗದ್ದಲಪಟ್ಟಿ ಮೂರನ್ನೂ ಪ್ರಕಟಿಸಬೇಕೆಂದು ನಿಯತಕಾಲಿಕಗಳು ಕೇಳಬೇಕು.