ಡೈನಮೊದಿಂದ ಆಲ್ಟರ್ನೇಟರ್‌ಗೆ: ಹಳೆಯ ಕಾರುಗಳ ಚಾರ್ಜಿಂಗ್ ವ್ಯವಸ್ಥೆ ಬೆಳೆದ ಬಗೆ

ಕಾರಿನೊಳಗೇ ವಿದ್ಯುತ್ ಉತ್ಪಾದಿಸಿ ಬ್ಯಾಟರಿ ತುಂಬಿಸಬೇಕಾದ ಪ್ರಮೇಯ ಬಂದದ್ದು ಸೆಲ್ಫ್ ಸ್ಟಾರ್ಟರ್‌ನಿಂದ. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಸ್ಟಾರ್ಟರ್ 1912ರ ಕ್ಯಾಡಿಲಾಕ್‌ನಲ್ಲಿ ಬಂತು. ಹ್ಯಾಂಡಲ್ ತಿರುಗಿಸುವ ಕಷ್ಟವೇನೋ ತಪ್ಪಿತು, ಆದರೆ ಪ್ರತಿ ಸಲ ಎಂಜಿನ್ ಎಬ್ಬಿಸಲು ಖರ್ಚಾದ ಚಾರ್ಜನ್ನು ಮರಳಿ ತುಂಬುವ ಯಂತ್ರವೊಂದು ಬೇಕಾಯಿತು. ಮುಂದಿನ ಐದು ದಶಕ ಆ ಕೆಲಸ ಮಾಡಿದ್ದು ಡೈನಮೊ.

ಡೈನಮೊದಲ್ಲಿ ವಿದ್ಯುತ್ ಹುಟ್ಟುವುದು ತಿರುಗುವ ಆರ್ಮೇಚರ್‌ನಲ್ಲಿ. ಹುಟ್ಟಿದ ಕರೆಂಟೆಲ್ಲ ಕಮ್ಯುಟೇಟರ್ ಮತ್ತು ಕಾರ್ಬನ್ ಬ್ರಷ್‌ಗಳ ಮೂಲಕವೇ ಹೊರಬರಬೇಕು. ಭಾರವಾದ ಆರ್ಮೇಚರನ್ನು ಅತಿ ವೇಗವಾಗಿ ತಿರುಗಿಸಿದರೆ ಸುರುಳಿಗಳು ಕಿತ್ತು ಬರುತ್ತವೆ. ಹಾಗಾಗಿ ಪುಲ್ಲಿಯ ಗಾತ್ರವನ್ನು ಎಂಜಿನ್ನಿನ ಗರಿಷ್ಠ ವೇಗಕ್ಕೆ ಹೊಂದಿಸಬೇಕು. ಆಗ ಎಂಜಿನ್ ಐಡಲ್‌ನಲ್ಲಿರುವಾಗ ಚಾರ್ಜ್ ಬಹುತೇಕ ಶೂನ್ಯ. ಬ್ರಿಟಿಷ್ ಕಾರುಗಳಲ್ಲಿ ಮನೆಮಾತಾಗಿದ್ದ ಲ್ಯೂಕಾಸ್ ಸಿ40 ಡೈನಮೊ ಕೊಡುತ್ತಿದ್ದುದು ಹೆಚ್ಚೆಂದರೆ 22 ಆಂಪಿಯರ್. ಭಾರತದ ಹಳೆಯ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳೂ ಡೈನಮೊ ಕಾಲದವೇ. ಮಳೆಯ ರಾತ್ರಿ ಟ್ರಾಫಿಕ್‌ನಲ್ಲಿ ನಿಂತಾಗ ಅವುಗಳ ಹೆಡ್‌ಲೈಟ್ ಕೆಂಪಾಗುತ್ತಿದ್ದುದಕ್ಕೆ ಇದೇ ಕಾರಣ.

ಡೈನಮೊಗೆ ತನ್ನ ಮೇಲೆ ತನಗೇ ಹಿಡಿತವಿಲ್ಲ. ಆರಂಭದ ಕಾರುಗಳಲ್ಲಿ ಮೂರನೆಯ ಬ್ರಷ್ ಒಂದನ್ನು ಅತ್ತಿತ್ತ ಸರಿಸಿ ಕರೆಂಟ್ ಹೊಂದಿಸುತ್ತಿದ್ದರು. ಬೇಸಿಗೆಗೊಂದು ಜಾಗ, ಚಳಿಗಾಲಕ್ಕೊಂದು ಜಾಗ. ಮುಂದೆ ಬಂದದ್ದು ನಮ್ಮ ಮೆಕ್ಯಾನಿಕ್‌ಗಳು ಕಟ್‌ಔಟ್ ಎನ್ನುವ ರೆಗ್ಯುಲೇಟರ್ ಪೆಟ್ಟಿಗೆ. ಲ್ಯೂಕಾಸ್‌ನ ಆರ್‌ಬಿ106ರಲ್ಲಿ ಎರಡು ಸುರುಳಿ, ಆನಂತರದ ಆರ್‌ಬಿ340ರಲ್ಲಿ ಮೂರು. ಒಂದು ಸುರುಳಿ ಎಂಜಿನ್ ನಿಂತಾಗ ಬ್ಯಾಟರಿಯ ಕರೆಂಟ್ ಡೈನಮೊಗೆ ಹಿಂದಕ್ಕೆ ಹರಿಯದಂತೆ ತಡೆಯುತ್ತಿತ್ತು, ಇನ್ನೊಂದು ವೋಲ್ಟೇಜ್ ಮಿತಿಯಲ್ಲಿಡುತ್ತಿತ್ತು, ಮೂರನೆಯದು ಕರೆಂಟನ್ನು. ಕಾಂಟ್ಯಾಕ್ಟ್ ಪಾಯಿಂಟ್‌ಗಳು ಸೆಕೆಂಡಿಗೆ ಹತ್ತಾರು ಸಲ ಕೂಡಿ ಬಿಡುತ್ತಲೇ ಇರಬೇಕಾದ್ದರಿಂದ ಸುಟ್ಟು ಕರಕಲಾಗುವುದು ಮಾಮೂಲು.

ಆಲ್ಟರ್ನೇಟರ್ ಈ ಏರ್ಪಾಟನ್ನು ತಿರುವುಮುರುವಾಗಿಸಿತು. ಇಲ್ಲಿ ತಿರುಗುವುದು ಕಾಂತಕ್ಷೇತ್ರ. ಕರೆಂಟ್ ಹುಟ್ಟುವುದು ಅಲುಗಾಡದ ಸ್ಟೇಟರ್‌ನಲ್ಲಿ. ಬ್ರಷ್‌ಗಳು ಹೊರುವುದು ಫೀಲ್ಡ್‌ಗೆ ಬೇಕಾದ ಕೆಲವೇ ಆಂಪಿಯರ್. ತತ್ವ ಹಳೆಯದೇ, ತೊಡಕಿದ್ದುದು ಎ.ಸಿ.ಯನ್ನು ಡಿ.ಸಿ.ಗೆ ತಿರುಗಿಸುವುದರಲ್ಲಿ. ಸೆಲೆನಿಯಂ ರೆಕ್ಟಿಫೈಯರ್‌ಗಳು ತೀರಾ ದೊಡ್ಡವಾಗಿದ್ದುದರಿಂದ ಬಸ್ಸು, ಪೊಲೀಸ್ ಕಾರುಗಳಂಥ ವಾಹನಗಳಿಗಷ್ಟೇ ಸರಿಹೊಂದುತ್ತಿದ್ದವು. ಅಗ್ಗದ ಸಿಲಿಕಾನ್ ಡಯೋಡ್ ಕೈಗೆ ಬಂದ ಮೇಲೆ, 1960ರಲ್ಲಿ, ಕ್ರೈಸ್ಲರ್ ಕಂಪನಿ ವೇಲಿಯಂಟ್ ಕಾರಿನಲ್ಲಿ ಆಲ್ಟರ್ನೇಟರ್ ಅಳವಡಿಸಿತು. ಜನರಲ್ ಮೋಟರ್ಸ್‌ನ ಡೆಲ್ಕೊಟ್ರಾನ್ 1963ರ ಕಾರುಗಳಲ್ಲಿ ಬಂತು. ಡಯೋಡ್ ಕರೆಂಟನ್ನು ಹಿಂದಕ್ಕೆ ಬಿಡದು, ಆಲ್ಟರ್ನೇಟರ್ ತನ್ನ ಕರೆಂಟಿಗೆ ತಾನೇ ಮಿತಿ ಹಾಕಿಕೊಳ್ಳುತ್ತದೆ. ಹೀಗೆ ಮೂರು ಸುರುಳಿಗಳಲ್ಲಿ ಎರಡಕ್ಕೆ ಕೆಲಸವೇ ಇಲ್ಲವಾಯಿತು. ಉಳಿದ ವೋಲ್ಟೇಜ್ ರೆಗ್ಯುಲೇಟರ್ ಕೆಲವು ವರ್ಷ ಹೊರಗಿನ ಪೆಟ್ಟಿಗೆಯಲ್ಲೇ ಇದ್ದು, 1970ರ ದಶಕದ ಆರಂಭದ ವೇಳೆಗೆ ಟ್ರಾನ್ಸಿಸ್ಟರ್ ರೂಪದಲ್ಲಿ ಆಲ್ಟರ್ನೇಟರ್ ಒಳಗೇ ಸೇರಿತು. ಡೆಲ್ಕೊದ 10ಎಸ್‌ಐ, ಲ್ಯೂಕಾಸ್‌ನ ಎಸಿಆರ್ ಸರಣಿ ಈ ಬಗೆಯವು.

ಹಳೆಯ ಕಾರಿಗೆ ಹೊಸ ಆಲ್ಟರ್ನೇಟರ್ ಕೂರಿಸುವವರು ಹೆಚ್ಚಾಗಿ ಆರಿಸಿಕೊಳ್ಳುವುದೂ ಇವನ್ನೇ. ಬ್ರಾಕೆಟ್, ಬೆಲ್ಟ್, ಪುಲ್ಲಿ ಹೊಂದಿಸುವುದು ದೊಡ್ಡ ಮಾತಲ್ಲ. ಪರೀಕ್ಷೆ ಇರುವುದು ವೈರಿಂಗ್‌ನಲ್ಲಿ.

ಹೊರಗಿನ ರೆಗ್ಯುಲೇಟರ್ ಇದ್ದ 1960ರ ದಶಕದ ಶೆವ್ರೊಲೆಗೆ 10ಎಸ್‌ಐ ಹಾಕುವಾಗ ಹಳೆಯ ರೆಗ್ಯುಲೇಟರ್ ಕಳಚಿ, ಅದರ ಪ್ಲಗ್‌ನಲ್ಲಿ ಬಿಳಿ ವೈರನ್ನು ಕಂದು ವೈರಿಗೂ ನೀಲಿಯನ್ನು ಕೆಂಪಿಗೂ ಸೇರಿಸುತ್ತಾರೆ. ಮೊದಲ ಜೋಡಿ ಚಾರ್ಜಿಂಗ್ ಲೈಟ್ ಮೂಲಕ ಒಂದನೇ ಟರ್ಮಿನಲ್‌ಗೆ ಆರಂಭದ ಫೀಲ್ಡ್ ಕರೆಂಟ್ ಒದಗಿಸುತ್ತದೆ. ಬಲ್ಬ್ ತೆಗೆದು ಎಲ್‌ಇಡಿ ಹಾಕಿದರೆ ಇಷ್ಟು ಕರೆಂಟ್ ಹರಿಯದೆ ಆಲ್ಟರ್ನೇಟರ್ ಮಂಕಾಗಿಯೇ ಉಳಿಯಬಹುದು. ಬಲ್ಬನ್ನು ಬಿಟ್ಟು ನೇರವಾಗಿ ಇಗ್ನಿಷನ್‌ಗೆ ಜೋಡಿಸಿದರೆ ಇನ್ನೊಂದು ಫಜೀತಿ: ಕೀ ತೆಗೆದರೂ ಎಂಜಿನ್ ಓಡುತ್ತಲೇ ಇರುತ್ತದೆ. ದಾರಿಯಲ್ಲೊಂದು ಡಯೋಡ್ ಇದಕ್ಕೆ ಪರಿಹಾರ.

ಎರಡನೇ ಟರ್ಮಿನಲ್ ವೋಲ್ಟೇಜ್ ಅಳೆಯುವ ವೈರಿನದು. ಇದನ್ನು ಆಲ್ಟರ್ನೇಟರ್‌ನ ದಪ್ಪ ಟರ್ಮಿನಲ್‌ಗೇ ಸುತ್ತಿ ಕೈತೊಳೆದುಕೊಳ್ಳುವ ಅಭ್ಯಾಸ ಸುಲಭದ್ದು, ಆದರೆ ಒಳ್ಳೆಯದಲ್ಲ. ಆಲ್ಟರ್ನೇಟರ್‌ನಿಂದ ಬ್ಯಾಟರಿಯವರೆಗಿನ ಹಳೆಯ ವೈರು, ಕನೆಕ್ಟರ್‌ಗಳ ಒಟ್ಟು ತಡೆ 0.02 ಓಮ್ ಎಂದಿಟ್ಟುಕೊಂಡರೆ 50 ಆಂಪಿಯರ್ ಹರಿದಾಗ ಒಂದು ವೋಲ್ಟ್ ಅಲ್ಲೇ ಸೋರುತ್ತದೆ. ರೆಗ್ಯುಲೇಟರ್ ತನ್ನ ಬುಡದಲ್ಲಿ 14.2 ವೋಲ್ಟ್ ಕಂಡು ತೃಪ್ತಿಯಾಗಿ ಕೂತಿರುತ್ತದೆ, ಬ್ಯಾಟರಿಗೆ ಸಿಗುವುದು 13.2 ಮಾತ್ರ. ಕಾರಿನ ಲೋಡುಗಳೆಲ್ಲ ಕವಲೊಡೆಯುವ ಜಾಗದಿಂದ ಆ ವೈರು ಬಂದರೆ ರೆಗ್ಯುಲೇಟರ್ ನಿಜವಾದ ವೋಲ್ಟೇಜನ್ನೇ ನೋಡುತ್ತದೆ. ಒಂದೇ ವೈರಿನ ಆಲ್ಟರ್ನೇಟರ್‌ಗಳು ಜನಪ್ರಿಯವಾದರೂ ಈ ಸೌಲಭ್ಯವನ್ನು ಬಿಟ್ಟುಕೊಡುತ್ತವೆ.

ಇನ್ನು ದಪ್ಪ ವೈರು. 22 ಆಂಪಿಯರ್‌ಗೆಂದು ಎಳೆದ ವೈರಿನಲ್ಲಿ 60 ಆಂಪಿಯರ್ ಹರಿಸುವುದು ಬೆಂಕಿಗೆ ಆಹ್ವಾನ. ದೂರ ನೋಡಿಕೊಂಡು ಸುಮಾರು 10 ಚದರ ಮಿಲಿಮೀಟರ್‌ನ ಹೊಸ ವೈರನ್ನು ಫ್ಯೂಸಿನೊಂದಿಗೆ ಬ್ಯಾಟರಿಗೆ ಒಯ್ಯುವುದು ವಾಡಿಕೆ. ಎಂಜಿನ್‌ನಿಂದ ಬಾಡಿಗೆ ಹೋಗುವ ಅರ್ಥ್ ಪಟ್ಟಿಯೂ ಅದಕ್ಕೆ ತಕ್ಕಂತೆ ಗಟ್ಟಿ ಇರಬೇಕು. ಹಳೆಯ ಕ್ರೈಸ್ಲರ್‌ಗಳಲ್ಲಿ ಚಾರ್ಜಿಂಗ್ ಕರೆಂಟೆಲ್ಲ ಡ್ಯಾಶ್‌ಬೋರ್ಡಿನ ಆಮೀಟರ್ ಹಾದು ಹೋಗುತ್ತಿತ್ತು. ಅಂಥ ಕಡೆ ಆಮೀಟರನ್ನು ಬೈಪಾಸ್ ಮಾಡಿ ವೋಲ್ಟ್‌ಮೀಟರ್ ಹಾಕುವುದೇ ಲೇಸು.

ಬ್ರಿಟಿಷ್ ಕಾರುಗಳಲ್ಲಿ ಇದಕ್ಕೂ ಮೊದಲೊಂದು ಕೆಲಸವಿದೆ. 1960ರ ದಶಕದ ನಡುವಿನವರೆಗೆ ಅವುಗಳಲ್ಲಿ ಅನೇಕವಕ್ಕೆ ಪಾಸಿಟಿವ್ ಅರ್ಥ್. ಸಾಮಾನ್ಯ ಆಲ್ಟರ್ನೇಟರ್ ನೆಗೆಟಿವ್ ಅರ್ಥ್‌ನದು. ತಪ್ಪಾಗಿ ಜೋಡಿಸಿದ ಕ್ಷಣದಲ್ಲೇ ಡಯೋಡ್‌ಗಳು ಹೋಗುತ್ತವೆ. ಬ್ಯಾಟರಿ ತಿರುಗಿಸಿ, ಇಗ್ನಿಷನ್ ಕಾಯಿಲ್‌ನ ಎರಡು ವೈರು ಅದಲುಬದಲು ಮಾಡಿ, ರೇಡಿಯೊ ಇದ್ದರೆ ಅದನ್ನು ಬೇರ್ಪಡಿಸಿದ ಮೇಲೆಯೇ ಮುಂದಿನ ಹೆಜ್ಜೆ. ಆಮೇಲೆ ಲ್ಯೂಕಾಸ್ ಪೆಟ್ಟಿಗೆಯಲ್ಲಿ ಡೈನಮೊದಿಂದ ಬರುವ ದಪ್ಪ ವೈರನ್ನು ಬ್ಯಾಟರಿಯ ವೈರಿಗೂ ಫೀಲ್ಡ್‌ನ ಸಣ್ಣ ವೈರನ್ನು ಚಾರ್ಜಿಂಗ್ ಲೈಟಿನ ವೈರಿಗೂ ಸೇರಿಸಿದರೆ ಪೆಟ್ಟಿಗೆ ಬರೀ ಜಂಕ್ಷನ್ ಆಗಿ ಉಳಿಯುತ್ತದೆ. ಕಾರಿನ ಮೂಲ ರೂಪ ಕೆಡಬಾರದು ಎನ್ನುವವರಿಗಾಗಿ ಡೈನಮೊದ ಕೊಳವೆಯಾಕಾರದ ಕವಚದೊಳಗೇ ಆಲ್ಟರ್ನೇಟರ್ ಅಡಗಿಸಿದ ಮಾದರಿಗಳೂ ಈಗ ಮಾರುಕಟ್ಟೆಯಲ್ಲಿವೆ. ಅವುಗಳಿಗೂ ವೈರಿಂಗ್ ಹೀಗೆಯೇ ಬದಲಾಗಬೇಕು.